ಲೆಕ್ಕಕ್ಕಿಲ್ಲದ ಉರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಅಕ್ಕ ಚಿಕ್ಕಂದಿನಿಂದ ಹೇಳ್ತಾ ಬಂದಿದ್ದಾಳೆ. ಇರಬಹುದು. ಆದರೆ ಆ ಸೋಮವಾರ ಸ್ಟೋರಿನ ಬಾಗಿಲಲ್ಲಿ ನಿಂತು ಆ ಟ್ರೇ ನೋಡಿದಾಗ ಕೋಪ ಬರಲಿಲ್ಲ. ಪಕ್ಕದ ಮರದ ಪೆಟ್ಟಿಗೆ ಮೇಲೆ ಕುಕ್ಕರಿಸಿಬಿಟ್ಟೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ಉಳಿದದ್ದು ತಲೆಬುಡ ತಿಳಿಯಲ್ಲ. ವಿಮಾನದ ಬಾಲದಲ್ಲಿ ಒಂದು ಸಣ್ಣ ಇಂಜಿನ್ನು ಇರುತ್ತೆ. ವಿಮಾನ ಹಾರಿಸೋಕಲ್ಲ. ದೊಡ್ಡ ಇಂಜಿನ್ನುಗಳು ಕೈಕೊಟ್ಟಾಗ ಕರೆಂಟು ಕೊಡೋಕೆ, ಪೈಲಟ್ಟನ ಕೈಯಲ್ಲಿರೋ ಹಿಡಿತ ತಪ್ಪದ ಹಾಗೆ ನೋಡಿಕೊಳ್ಳೋಕೆ. ಎಪಿಯು ಅಂತೀವಿ. ಆ ಸಣ್ಣದನ್ನ ಎಬ್ಬಿಸೋಕೆ ಮತ್ತೊಂದು ಮೋಟರು ಬೇಕು. ಮೈನಸ್ ನಲವತ್ತು ಡಿಗ್ರಿ ಚಳಿಯಲ್ಲೂ, ಉಳಿದ ಕರೆಂಟೆಲ್ಲ ಹೋಗಿದ್ದರೂ ಎಬ್ಬಿಸುವಂಥದ್ದು. ಅದೇ ನಮ್ಮ ಬಿಸಿ ಅನಿಲದ ಮೋಟರು. ಎರಡು ಮುಷ್ಟಿ ಸೇರಿಸಿದಷ್ಟು ಗಾತ್ರ, ಪಕ್ಕದಲ್ಲಿ ಮದ್ದು ತುಂಬಿದ ಕಾರ್ಟ್ರಿಜ್ಜು. ಸ್ವಿಚ್ ಒತ್ತಿದರೆ ಮದ್ದು ಉರಿದು, ಆ ಬಿಸಿ ಅನಿಲ ಮೋಟರಿನೊಳಗೆ ನುಗ್ಗಿ ಆರು ಉಕ್ಕಿನ ಅಲಗುಗಳನ್ನ ತಳ್ಳುತ್ತೆ. ಎಂಟು ಸೆಕೆಂಡಿಗೆ ಸಣ್ಣ ಇಂಜಿನ್ನು ಎದ್ದು ಕೂರುತ್ತೆ. ಒಂದು ಕಾರ್ಟ್ರಿಜ್ಜು, ಒಂದೇ ಅವಕಾಶ.

ಹತ್ತೊಂಬತ್ತು ವರ್ಷದಿಂದ ಇದೇ ಮೋಟರಿನ ನಕ್ಷೆ ಬರೀತಾ ಇದೀನಿ. ನನಗೆ ಮುಂಚೆ ಇದನ್ನ ಮಾಡಿದ್ದ ಹಿರಿಯರು ಅಲಗಿನ ತುದಿಗೂ ಹೊರಗಿನ ಕವಚಕ್ಕೂ ನಡುವೆ ಸ್ವಲ್ಪ ಹೆಚ್ಚೇ ಜಾಗ ಬಿಟ್ಟಿದ್ದರು. ಅಲ್ಲಿಂದ ಅನಿಲ ಸೋರಿ ದಂಡವಾಗ್ತಿತ್ತು. ನಾನು ಅದನ್ನ ಬಿಗಿ ಮಾಡಿ, ಹನ್ನೊಂದು ಸೆಕೆಂಡಿದ್ದದ್ದನ್ನ ಎಂಟಕ್ಕೆ ಇಳಿಸಿದೆ. ಅದಕ್ಕೆ ನನಗೊಂದು ಫಲಕ ಕೊಟ್ಟರು, ಮನೆಯ ಅಟ್ಟದಲ್ಲಿದೆ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಸರಕು ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ ಆಗಿದ್ದರು. ಪೈಲಟ್ಟನ ಹಿಂದೆ ಕೂತು ಇಂಜಿನ್ನು, ಸ್ವಿಚ್ಚು, ಮೀಟರಿನ ಮುಳ್ಳುಗಳನ್ನ ನೋಡಿಕೊಳ್ಳೋ ಕೆಲಸ. ನಮ್ಮ ಮೋಟರಿನ ಸ್ವಿಚ್ ಒತ್ತೋದೂ ಅವರದೇ. ನಾನು ದಿನವಿಡೀ ಮದ್ದು ಸುಡ್ತೀನಿ ಅಂತ ನನಗೆ ಪಟಾಕಿ ಅಂತ ಹೆಸರಿಟ್ಟಿದ್ದರು. "ಪಟಾಕಿ, ನಿನ್ನ ಮೋಟರು ನಮ್ಮ ಬಾಲದಲ್ಲೇ ಇದೆ ಕಣಮ್ಮ. ಅದಕ್ಕೇ ನಾನು ಆರಾಮಾಗಿ ಗೊರಕೆ ಹೊಡೀತೀನಿ," ಅನ್ನೋರು. ಊಟಕ್ಕೆ ಕೂತಾಗ ಯಾರಾದರೂ ನನ್ನ ಕೆಲಸದ ಬಗ್ಗೆ ಹಗುರವಾಗಿ ಮಾತಾಡಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬರೋದು.

ಆರು ವರ್ಷದ ಹಿಂದೆ ಅವರ ವಿಮಾನದ ಎರಡೂ ಇಂಜಿನ್ನು ಮೋಡದ ನಡುವೆ ನಿಂತುಹೋದವು. ಇಂಧನದಲ್ಲಿ ನೀರಿತ್ತು, ಅದು ಹೆಪ್ಪುಗಟ್ಟಿತ್ತು. 'ಎರಡೂ ನಿಂತಿವೆ' ಅನ್ನೋ ಒಂದೇ ಮಾತು ಕೆಳಗೆ ಕೇಳಿಸಿದ್ದು. ಕರೆಂಟು ಹೋದದ್ದರಿಂದ ದಾಖಲಿಸೋ ಪೆಟ್ಟಿಗೆಯೂ ಅಲ್ಲಿಗೇ ನಿಂತಿತ್ತು. ಆಮೇಲೆ ನೆಲ ಮುಟ್ಟೋಕೆ ಹೆಚ್ಚುಕಡಿಮೆ ಎರಡು ನಿಮಿಷ. ನಾಲ್ಕು ಜನ ಇದ್ದರು, ನಾಲ್ಕೂ ಜನ ಹೋದರು. ಬಾಲ ಸುಟ್ಟು, ನನ್ನ ಮೋಟರು ಕರಗಿದ ಉಂಡೆಯಾಗಿ ಸಿಕ್ಕಿತು. ಅದನ್ನ ನೋಡಿ ಏನೂ ಹೇಳೋ ಹಾಗಿರಲಿಲ್ಲ.

ಹಾಗಾದರೆ ತನಿಖೆಯವರು ತೀರ್ಮಾನಕ್ಕೆ ಬಂದದ್ದು ಹೇಗೆ? ಮೋಟರಿನ ಬಗ್ಗೆ ನಾನು ಬರೆದುಕೊಟ್ಟ ಒಂದು ವಾಕ್ಯದಿಂದ. ವರದಿಯ ಮೂವತ್ತೊಂದನೇ ಪುಟದಲ್ಲಿದೆ. 'ಈ ಮೋಟರು ನಲವತ್ತೊಂದು ಟೆಸ್ಟ್ ಉರಿಗಳಲ್ಲಿ ನಲವತ್ತೊಂದು ಸಲವೂ ಎಂಟು ಸೆಕೆಂಡಿನೊಳಗೆ ಎಪಿಯು ಎಬ್ಬಿಸಿದೆ.' ವಿಮಾನ ಬಿದ್ದಾಗ ಎಪಿಯು ಎದ್ದಿರಲಿಲ್ಲ, ಎದ್ದಿದ್ದರೆ ದಾಖಲಿಸೋ ಪೆಟ್ಟಿಗೆಗೆ ಮತ್ತೆ ಕರೆಂಟು ಬರ್ತಿತ್ತು. ಮೋಟರು ತಪ್ಪೋದೇ ಇಲ್ಲ ಅಂದಮೇಲೆ, ಭಾವ ಕೊನೆಯ ಎಂಟು ಸೆಕೆಂಡಿನೊಳಗೆ ಒತ್ತಿರಬೇಕು, ಇಲ್ಲವೇ ಒತ್ತಿರಲೇ ಇಲ್ಲ. 'ಫ್ಲೈಟ್ ಇಂಜಿನಿಯರ್ ಅವರ ವಿಳಂಬ' ಅಂತ ಬರೆದರು. ಅವರು ನನ್ನ ಭಾವ ಅಂತ ನಾನು ಮೊದಲೇ ತಿಳಿಸಿದ್ದೆ. ತನಿಖಾಧಿಕಾರಿ ಎದ್ದು ನಿಂತು, "ಸಂಬಂಧ ನೋಡದೆ ಇದ್ದದ್ದನ್ನ ಇದ್ದ ಹಾಗೆ ಹೇಳ್ತಿದೀರಿ, ಇದು ಎಲ್ಲರ ಕೈಲೂ ಆಗಲ್ಲ," ಅಂದರು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದರೂ ಆ ಮಾತಿಗೆ ಒಳಗೊಳಗೇ ಹೆಮ್ಮೆ ಪಟ್ಟಿದ್ದೆ. ಅದನ್ನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಅಕ್ಕ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡ್ತಾಳೆ. ಅದೇ ವಿಮಾನದಲ್ಲಿ ಸತ್ತ ಪೈಲಟ್ಟನ ಹೆಂಡತಿ ಅವಳ ಪಕ್ಕದ ಕಟ್ಟಡದಲ್ಲೇ ಇರೋದು. ಅಕ್ಕ ಎದುರಿಗೆ ಬಂದರೆ ಆಕೆ ರಸ್ತೆ ದಾಟಿ ಆ ಕಡೆಯ ಫುಟ್‌ಪಾತಿಗೆ ಹೋಗಿಬಿಡ್ತಾರೆ. ಅಕ್ಕ ಯಾವತ್ತೂ ಆಕೆಯನ್ನ ದೂರಿಲ್ಲ. ಒಂದು ಸಂಜೆ ನಾನು ಹೋದಾಗ ಅಕ್ಕ ಗೋಡೆಯ ಲೈಟಿನ ಸ್ವಿಚ್ಚಿನ ಮುಂದೆ ನಿಂತು ಏನೋ ಮಾಡ್ತಿದ್ದಳು. ಇಲ್ಲದ ಮುಚ್ಚಳ ಎತ್ತೋದು, ಹಿಡಿ ತಿರುಗಿಸೋದು, ಒತ್ತೋದು. ಭಾವ ಎಂದೋ ಮಾಡಿ ತೋರಿಸಿದ್ದರಂತೆ.

"ಎರಡು ಸೆಕೆಂಡು ಸಾಕು ಕಣೇ," ಅಂದಳು ನನ್ನ ಕಡೆ ತಿರುಗದೆ. "ಎರಡು ನಿಮಿಷ ಏನು ಮಾಡ್ತಾ ಕೂತಿದ್ರು ಇವರು?"

ಆಮೇಲೂ ಕೇಳಿದಳು, ತಿಂಗಳಿಗೊಮ್ಮೆಯಾದರೂ ಕೇಳ್ತಿದ್ದಳು.

ಇನ್ನು ಆ ಸೋಮವಾರದ ವಿಷಯ. ಹೊಸ ವಿಮಾನಗಳಿಗೆಲ್ಲ ವಿದ್ಯುತ್ ಮೋಟರು ಬಂದಮೇಲೆ ನಮ್ಮ ವಿಭಾಗಕ್ಕೆ ಕೆಲಸವಿಲ್ಲ, ಮುಚ್ಚೋಕೆ ಹೇಳಿದ್ದರು. ಸ್ಟೋರು ಖಾಲಿ ಮಾಡಿಸ್ತಿದ್ದೆ. ಟೆಸ್ಟ್ ಶೆಡ್ಡಿನ ಹಿರಿಯ ಫಿಟ್ಟರು ಸಾಮಾನು ಎತ್ತಿ ಕೊಡ್ತಿದ್ದರು. ಅವರನ್ನ ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯೋದು, ಯಾರಿಗೂ ಅವರು ದೊಡ್ಡಪ್ಪ ಅಲ್ಲ. ಮೂವತ್ತು ವರ್ಷದಿಂದ ನಮ್ಮ ಒಂದೊಂದು ಮೋಟರನ್ನೂ ಕಟ್ಟಿ, ಉರಿಸಿ, ಬಿಚ್ಚಿದ ಕೈ ಅವರದು. ಅವರು ತೆಗೆದುಕೊಟ್ಟ ಒಂದು ಟ್ರೇ ತುಂಬ ಹಳೆಯ ಅಲಗುಗಳು. ಒಂದೊಂದರ ತುದಿಯೂ ಕಿತ್ತುಹೋಗಿ, ನೀಲಿ ಬಣ್ಣಕ್ಕೆ ತಿರುಗಿತ್ತು.

"ಇವೆಲ್ಲಿಂದ ಬಂದ್ವು ದೊಡ್ಡಪ್ಪ?"

"ಬಾಯಿ ತೊಳೆಸಿದಾಗಿನವು ತಾಯಿ. ಸಾಣೆಕಲ್ಲಿಗೆ ಬಗ್ಗದೇ ಇದ್ದವನ್ನ ಬದಲಾಯಿಸ್ತಿದ್ದೆ, ಎಸೆಯೋಕೆ ಮನಸ್ಸು ಬರಲಿಲ್ಲ."

ಬಾಯಿ ತೊಳೆಸೋದು ಅಂದರೆ ನಮ್ಮ ಶೆಡ್ಡಿನ ಹಳೇ ಅಭ್ಯಾಸ. ಹೊಸ ಮೋಟರಿನೊಳಗೆ ತುಕ್ಕು ಹಿಡಿಯದಿರಲಿ ಅಂತ ಸವರಿದ ಗ್ರೀಸ್ ಇರುತ್ತೆ. ಮೊದಲ ಉರಿಯಲ್ಲಿ ಅದೆಲ್ಲ ಹೊಗೆಯಾಗಿ ಬಂದು ಅಳತೆಯ ಸಾಧನಗಳಿಗೆ ಮೆತ್ತಿಕೊಳ್ಳುತ್ತೆ. ಹಾಗಾಗಿ ಆ ಸಾಧನಗಳನ್ನ ಬಿಚ್ಚಿಟ್ಟು, ತೂತುಗಳಿಗೆ ಬಿರಡೆ ಹಾಕಿ, ಒಂದು ಕಾರ್ಟ್ರಿಜ್ಜು ಸುಮ್ಮನೆ ಉರಿಸಿಬಿಡೋದು. ಅದು ಲೆಕ್ಕಕ್ಕಿಲ್ಲ, ಪುಸ್ತಕದಲ್ಲಿ ಬರೆಯಲ್ಲ. ಹಳೇ ಹಿರಿಯರು ಹಾಕಿಕೊಟ್ಟ ಪದ್ಧತಿ. ಅದು ನಡೆಯೋವಾಗ ನಾವು ಇಂಜಿನಿಯರುಗಳು ಟೀ ಕುಡಿಯೋಕೆ ಹೋಗ್ತಿದ್ದೆವು.

"ಬಾಯಿ ತೊಳೆಸೋವಾಗ ಇವು ಹೀಗ್ಯಾಕೆ ಆಗ್ತವೆ?" ಒಂದು ಅಲಗು ಎತ್ತಿ ಹಿಡಿದು ಕೇಳಿದೆ.

"ಹಿಡ್ಕೊಂಡುಬಿಡ್ತವಲ್ಲ. ಮೈನಸ್ ನಲವತ್ತರ ಚಳಿ ಪೆಟ್ಟಿಗೆಯಿಂದ ತೆಗೆದು ಉರಿಸಿದ್ರೆ ಹತ್ತರಲ್ಲಿ ಮೂರೋ ನಾಲ್ಕೋ ಗಕ್ಕನೆ ನಿಲ್ತವೆ. ಮರದ ಸುತ್ತಿಗೆಯಿಂದ ಎರಡು ಕೊಟ್ಟು, ಬಿಚ್ಚಿ, ತುದಿ ಉಜ್ಜಿ ಹಾಕಿದ್ರೆ ಮತ್ತೆ ಜನ್ಮದಲ್ಲಿ ತೊಂದ್ರೆ ಕೊಡಲ್ಲ. ಮುಂಚೆ ಹೀಗಿರಲಿಲ್ಲ. ನೀನು ಬಿಗಿ ಮಾಡಿದ ಮೇಲೆ ಶುರುವಾಗಿದ್ದು."

"ನನಗೆ ಯಾಕೆ ಹೇಳಲಿಲ್ಲ?"

"ಬಾಯಿ ತೊಳೆಸೋದು ಲೆಕ್ಕಕ್ಕಿಲ್ಲ ಅಂತ ನೀವು ಇಂಜಿನಿಯರುಗಳೇ ಹೇಳ್ತಿದ್ರಲ್ಲ," ಅಂದರು ಅವರು, ಟ್ರೇಯ ಧೂಳು ಒರೆಸ್ತಾ.

ಆಗಲೇ ನಾನು ಕುಕ್ಕರಿಸಿದ್ದು. ಬಿಸಿ ಅನಿಲ ನುಗ್ಗಿದ ಕೂಡಲೇ ತೆಳ್ಳಗಿನ ಅಲಗುಗಳು ಹಿಗ್ಗುತ್ತವೆ, ದಪ್ಪ ಕವಚ ಇನ್ನೂ ತಣ್ಣಗೇ ಇರುತ್ತೆ. ನಡುವೆ ನಾನು ಬಿಟ್ಟದ್ದು ಕೂದಲೆಳೆಯಷ್ಟು ಜಾಗ. ಒಂದು ಸಲ ಹಿಡಿದು, ತುದಿ ಸವೆದಮೇಲೆ ಜಾಗ ಸಾಕಾಗುತ್ತೆ. ನಾನು ನೋಡಿದ ನಲವತ್ತೊಂದು ಮೋಟರುಗಳೂ ಹಾಗೆ ಬಾಯಿ ತೊಳೆದುಕೊಂಡು ಬಂದವು. ವಿಮಾನಕ್ಕೆ ಹೋಗ್ತಿದ್ದವು ಮಾತ್ರ ಹೊಚ್ಚ ಹೊಸವು. ಅವನ್ನ ಗಾಳಿ ಬಿಟ್ಟು ತಿರುಗಿಸಿ ನೋಡಿ ಕಳಿಸ್ತಿದ್ದೆವು, ಒಂದನ್ನೂ ಉರಿಸ್ತಿರಲಿಲ್ಲ. ಭಾವ ಒತ್ತಿದ್ದು ಮೊದಲ ಉರಿ. ಲೆಕ್ಕಕ್ಕಿಲ್ಲದ್ದು.

ತಲೆನೋವು ಅಂತ ದೊಡ್ಡಪ್ಪನಿಗೆ ಹೇಳಿ ಎದ್ದು ಹೋದೆ.

ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ, ತಂಟೆ ಬೇಡ ಅನ್ನೋ ಜಾತಿ. "ದಾಖಲೆ ಎಲ್ಲಿದೆ?" ಅಂದರು. ಇಲ್ಲ. "ಆ ಟ್ರೇಯಲ್ಲಿರೋ ಅಲಗು ಯಾವ ಮೋಟರಿನವು, ಯಾವ ದಿನದವು?" ಗೊತ್ತಿಲ್ಲ. "ಫಿಟ್ಟರು ಬಾಯಿಮಾತಲ್ಲಿ ಹೇಳಿದ್ದನ್ನ ಹಿಡ್ಕೊಂಡು ಮುಗಿದ ತನಿಖೆ ತೆರೀರಿ ಅಂದ್ರೆ ಯಾರು ಕೇಳ್ತಾರಮ್ಮ?"

ನಾನು ಅವರ ಮೇಜು ಬಿಟ್ಟು ಕದಲಲಿಲ್ಲ. ಜಗಳ ಆಡಿದೆ, ಕಿರುಚಿದೆ ಅಂತಲೂ ಅನ್ನಬಹುದು. ಕೊನೆಗೆ ಅವರು ತನಿಖಾ ಕಚೇರಿಗೆ ಫೋನ್ ಮಾಡಿದರು. ದಾಖಲಾದ ಒಂದೇ ಒಂದು ಸೋಲು ತೋರಿಸಿದರೆ ಕಡತ ಮತ್ತೆ ತೆರೆಯಬಹುದು, ಶುಕ್ರವಾರ ಮಧ್ಯಾಹ್ನ ಬಂದು ನೋಡ್ತೀವಿ ಅಂತ ಆ ಕಡೆಯಿಂದ ಉತ್ತರ ಬಂತು.

ಎಂದೂ ಉರಿಯದ ಮೋಟರು ಇನ್ನು ಒಂದೇ ಒಂದು ಉಳಿದಿತ್ತು. ಸ್ವಾಗತ ಕೋಣೆಯ ಗಾಜಿನ ಕಪಾಟಿನಲ್ಲಿ, ಬಂದವರು ನೋಡಲಿ ಅಂತ ಇಟ್ಟಿದ್ದದ್ದು. ನಾಶ ಮಾಡೋ ಪಟ್ಟಿಯಲ್ಲಿ ಎರಡು ಕಾರ್ಟ್ರಿಜ್ಜು ಇದ್ದವು. ಹತ್ತರಲ್ಲಿ ಮೂರೋ ನಾಲ್ಕೋ ಹಿಡಿಯೋದು ಅಂದರೆ, ನನ್ನ ಕೈಲಿದ್ದ ಆಸೆ ಅಷ್ಟೇ. ಎರಡನೇ ಕಾರ್ಟ್ರಿಜ್ಜನ್ನ ಮೊದಲಿನದ್ದು ಹೊತ್ತಿಕೊಳ್ಳದಿದ್ದರೆ ಇರಲಿ ಅಂತ ತೆಗೆದುಕೊಂಡೆ.

ಬುಧವಾರ ಅಕ್ಕನ ಮನೆಗೆ ಹೋಗಿದ್ದೆ. ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಹೊರಡೋವಾಗ ಚಪ್ಪಲಿ ಹಾಕಿಕೊಳ್ತಾ, "ಶುಕ್ರವಾರ ಸಂಜೆ ನಿನಗೊಂದು ಕಾಗದ ತರ್ತೀನಿ," ಅಂದುಬಿಟ್ಟೆ.

"ಏನು ಕಾಗದ?"

"ಭಾವನದು."

ನಾನು ಮೆಟ್ಟಿಲು ಇಳಿದು ಹೋಗೋವರೆಗೂ ಅವಳು ಬಾಗಿಲು ಹಾಕಿಕೊಳ್ಳಲಿಲ್ಲ.

ಗುರುವಾರ ಮೋಟರನ್ನೂ ಎರಡೂ ಕಾರ್ಟ್ರಿಜ್ಜನ್ನೂ ದೊಡ್ಡಪ್ಪನ ಕೈಗೆ ಕೊಟ್ಟೆ. ಟೆಸ್ಟಿನ ಹಾಳೆ ತುಂಬಿದೆ: ರಾತ್ರಿಯಿಡೀ ಚಳಿ ಪೆಟ್ಟಿಗೆ, ಶುಕ್ರವಾರ ಎರಡು ಗಂಟೆಗೆ ಒಂದು ಉರಿ. "ನಾಳೆ ಒಂದಿಷ್ಟೂ ಹೆಚ್ಚುಕಮ್ಮಿ ಆಗಬಾರದು ದೊಡ್ಡಪ್ಪ, ತನಿಖೆಯವರು ಬರ್ತಿದಾರೆ," ಅಂದೆ. ಯಾಕೆ, ಏನು ಅಂತ ಹೇಳಲಿಲ್ಲ. ಹೇಳಬೇಕಾದರೆ, ಅವರು ಸಾಣೆಕಲ್ಲಲ್ಲಿ ಉಜ್ಜಿ ಹಾಕಿದ್ದು ನಾಲ್ಕು ಜನರ ಜೀವ ಅಂತಲೂ ಹೇಳಬೇಕಿತ್ತು. ಮುಂದಿನ ತಿಂಗಳು ನಿವೃತ್ತಿಯಾಗೋ ಮನುಷ್ಯ. ಊರವರನ್ನೆಲ್ಲ ಬಯ್ದುಕೊಂಡು ತಿರುಗೋ ನಾನು ಒಬ್ಬರಿಗೆ ಕರುಣೆ ತೋರಿಸೋಕೆ ಹೋದ ದಿನ ಅದೊಂದೇ ಇರಬೇಕು.

ಶುಕ್ರವಾರ ಒಂದೂವರೆಗೆ ಶೆಡ್ಡಿಗೆ ಹೋದೆ. ದೊಡ್ಡಪ್ಪ ಒಗೆದ ನೀಲಿ ಅಂಗಿ ಹಾಕಿಕೊಂಡು ನಿಂತಿದ್ದರು. ಮುಖದಲ್ಲಿ ಸಂತೋಷ. ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿದ್ದರು. ಶೆಡ್ಡಿನ ತುಂಬ ಮದ್ದಿನ ವಾಸನೆ ಇತ್ತು.

"ಏನು ವಾಸನೆ ಇದು?" ಅಂದೆ.

"ಬೆಳಿಗ್ಗೆ ಆರಕ್ಕೇ ಬಂದೆ ತಾಯಿ. ನಿನ್ನ ಮರ್ಯಾದೆ ಪ್ರಶ್ನೆ ಅಲ್ವಾ, ಅವಸರದಲ್ಲಿ ಏನಾದ್ರೂ ಎಡವಟ್ಟು ಆದ್ರೆ? ಪೆಟ್ಟಿಗೆಯಿಂದ ತೆಗೆದು ಬಾಯಿ ತೊಳೆಸಿದೆ. ಒಳ್ಳೆದಾಯ್ತು ತೊಳೆಸಿದ್ದು. ಕಚ್ಚಿ ಹಿಡ್ಕೊಂಡುಬಿಟ್ಟಿತ್ತು, ಇಷ್ಟು ಜೋರಾಗಿ ಯಾವತ್ತೂ ಹಿಡಿದಿರಲಿಲ್ಲ. ಬಿಚ್ಚಿ, ಆರೂ ಅಲಗು ಉಜ್ಜಿ, ತೊಳೆದು, ಮತ್ತೆ ಚಳಿಗೆ ಇಟ್ಟಿದೀನಿ. ಈಗ ಬೆಣ್ಣೆ ಹಾಗೆ ತಿರುಗುತ್ತೆ ನೋಡು."

ಎರಡು ಕಾರ್ಟ್ರಿಜ್ಜು, ಹಾಳೆಯಲ್ಲಿ ಒಂದು ಉರಿ. ಮೂವತ್ತು ವರ್ಷ ನಮ್ಮ ವಿಭಾಗ ಅವರಿಗೆ ಹಾಗೇ ಕೊಟ್ಟಿತ್ತು. ಒಂದು ಬಾಯಿ ತೊಳೆಸೋಕೆ, ಒಂದು ಪುಸ್ತಕಕ್ಕೆ. ಅವರು ಕೆಲಸದಲ್ಲಿ ಒಂದಿಷ್ಟೂ ಹೆಚ್ಚುಕಮ್ಮಿ ಮಾಡಿರಲಿಲ್ಲ.

"ಅಳತೆ ಇಟ್ಟಿದ್ರಾ?" ಅಂತ ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ಬಾಯಿ ತೊಳೆಸೋಕೆ ಅಳತೆ ಯಾಕೆ?" ಅಂದರು. ಆಗ ಹೇಳಿದೆ. ಒಂದು ದಿನ ಮುಂಚೆ ಹೇಳಬೇಕಾಗಿದ್ದದ್ದನ್ನೆಲ್ಲ ಹೇಳಿದೆ. ಅವರು ಕಿವಿಯಿಂದ ಪೆನ್ಸಿಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಲ್ಲಿಡಬೇಕು ಅಂತ ತಿಳಿಯದವರ ಹಾಗೆ ಹಿಡಿದೇ ನಿಂತಿದ್ದರು. "ನಿನ್ನೆ ಒಂದು ಮಾತು ಅಂದಿದ್ರೆ ನಾನು ಅದನ್ನ ಮುಟ್ತಾನೇ ಇರಲಿಲ್ಲವಲ್ಲ ತಾಯಿ," ಅಂದರು.

ಎರಡು ಗಂಟೆಗೆ ಮುಖ್ಯಸ್ಥರೂ ತನಿಖಾಧಿಕಾರಿಯೂ ಬಂದರು. ಅದೇ ಹಳೆಯ ಅಧಿಕಾರಿ, ಕೂದಲು ಬಿಳಿಯಾಗಿತ್ತು. ದಪ್ಪ ಗಾಜಿನ ಹಿಂದೆ ನಿಂತೆವು. ಒತ್ತಿದ್ದು ನಾನೇ. ಮನಸ್ಸಲ್ಲಿ ಹಿಡಿ, ಹಿಡಿ ಅಂತ ಬೇಡಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಮೋಟರು ಕೆಟ್ಟುಹೋಗಲಿ ಅಂತ ಹಾರೈಸಿದ್ದು ಅದೇ ಮೊದಲು. ಅದು ಒಂದು ಚೂರೂ ತಡವರಿಸದೆ ತಿರುಗಿತು. ಏಳು ಪಾಯಿಂಟ್ ಎಂಟು ಸೆಕೆಂಡು.

ಬೆಳಗಿನ ಉರಿಯ ವಿಷಯ ಹೇಳಿದೆ. ದೊಡ್ಡಪ್ಪ ಮುಂದೆ ಬಂದು, "ಹೌದು ಸಾರ್, ಹಿಡ್ಕೊಂಡಿತ್ತು. ನಾನೇ ಬಿಡಿಸಿದೆ. ತಪ್ಪು ನನ್ನದು," ಅಂದರು. ಅಧಿಕಾರಿ ಅಲಗುಗಳನ್ನ ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿದರು. ದೊಡ್ಡಪ್ಪನ ಕೈಕೆಲಸ ಅಂದರೆ ಕೈಕೆಲಸ, ಒಂದು ಗೀರೂ ಉಳಿದಿರಲಿಲ್ಲ.

"ಬೆಳಿಗ್ಗೆ ನೋಡಿದವರು ಇವರೊಬ್ಬರೇ, ಅಲ್ವಾ?" ಅಂದರು ಅಧಿಕಾರಿ. ಆಮೇಲೆ ದನಿ ತಗ್ಗಿಸಿ, "ನೀವು ಆ ಫ್ಲೈಟ್ ಇಂಜಿನಿಯರಿಗೆ ಸಂಬಂಧಿಕರು ಬೇರೆ. ನಾನು ಇದನ್ನ ಹೇಗಮ್ಮ ಬರೀಲಿ?"

ಆವತ್ತು ಇದೇ ಬಾಯಿ ಸಂಬಂಧ ನೋಡದವಳು ಅಂತ ನನ್ನ ಹೊಗಳಿತ್ತು. ನಾನು ಅದನ್ನ ನೆನಪಿಸೋಕೆ ಹೋಗಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಅವರು ತಮ್ಮ ಹಾಳೆಯಲ್ಲಿ ಬರೆದುಕೊಂಡದ್ದು ನನಗೆ ಮೇಲಿನಿಂದಲೇ ಕಾಣಿಸ್ತಿತ್ತು. ನಲವತ್ತೆರಡರಲ್ಲಿ ನಲವತ್ತೆರಡು.

ಸಂಜೆ ಆರಕ್ಕೆ ಅಕ್ಕನ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು. ಡ್ಯೂಟಿಯಿಂದ ಬೇಗ ಬಂದು ಸೀರೆ ಬದಲಾಯಿಸಿ, ಮೇಜು ಒರೆಸಿ ಇಟ್ಟಿದ್ದಳು. ವರದಿ ಮೇಜಿನ ಮೇಲಿತ್ತು, ಮೂವತ್ತೊಂದನೇ ಪುಟದಲ್ಲಿ ಅವಳ ಹಳೆಯ ಬಸ್ ಟಿಕೆಟ್ಟು. ನನ್ನ ಬರಿಗೈ ನೋಡಿದಳು.

ನಾನು ಕೂತು ಎಲ್ಲ ಹೇಳಿದೆ. ಗ್ರೀಸು, ಬಾಯಿ ತೊಳೆಸೋದು, ನಾನು ಬಿಗಿ ಮಾಡಿದ ಜಾಗ, ಗಾಜಿನ ಕಪಾಟಿನ ಮೋಟರು, ಬೆಳಗಿನ ಉರಿ. "ಭಾವ ಹೊತ್ತಿಗೆ ಸರಿಯಾಗೇ ಒತ್ತಿದ್ರು ಅಕ್ಕ. ಎರಡೇ ಸೆಕೆಂಡಿಗೆ ಒತ್ತಿರ್ತಾರೆ. ತಿರುಗದೇ ಇದ್ದದ್ದು ನನ್ನ ಮೋಟರು. ಅವರನ್ನ ಕೊಂದೋಳು ನಾನು, ಅಪವಾದ ಹೊರಿಸಿದೋಳೂ ನಾನೇ."

ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೌಂಟರಿನಲ್ಲಿ ರೋಗಿಗಳ ಮಾತು ಕೇಳೋದು ಹಾಗೇ ಇರಬೇಕು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟಳು.

"ಕಾಗದ ಸಿಗಲಿಲ್ಲ, ಅಲ್ವಾ?"

"ಇಲ್ಲ."

"ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಚಿಕ್ಕೋಳಿದ್ದಾಗಲೂ ಬರ್ತಿರಲಿಲ್ಲ. ನನಗೋಸ್ಕರ ಇಷ್ಟು ದೊಡ್ಡದು ಕಟ್ಟಬೇಡ."

"ಅಕ್ಕ, ಇದು ಸುಳ್ಳಲ್ಲ."

"ನೀನೇ ಬರೆದಿದೀಯಲ್ಲ ಇಲ್ಲಿ." ಅವಳು ವರದಿಯ ಮೇಲೆ ಬೆರಳಿಟ್ಟಳು. ತೆರೆಯಲಿಲ್ಲ, ಅವಳಿಗೆ ಅದು ಬಾಯಿಪಾಠ. "ಆವತ್ತು ನಾನು ನಿನ್ನ ಕಾಲು ಹಿಡ್ಕೊಂಡು ಕೇಳಿದೆ, ಬೇರೆ ಏನಾದ್ರೂ ಆಗಿರಬಹುದಾ ನೋಡು ಅಂತ. ಅಂಕಿ ಸುಳ್ಳು ಹೇಳಲ್ಲ ಅಕ್ಕ ಅಂದೆ. ಎರಡು ವರ್ಷ ನಾನು ಗೋಡೆ ಮೇಲಿನ ಫೋಟೋ ಮುಂದೆ ನಿಂತು ಅವರ ಜೊತೆ ಜಗಳ ಆಡಿದೀನಿ. ಆಮೇಲೆ ಒಂದಿನ ಕೌಂಟರಿನಲ್ಲಿ ಒಬ್ಬರಿಗೆ ಮಾತ್ರೆ ಕೊಡೋವಾಗ ನನ್ನ ಕೈ ಸುಮ್ಸುಮ್ಮನೆ ನಡುಗಿತು, ಚೀಟಿ ಹರಿಯೋಕೂ ಆಗಲಿಲ್ಲ. ಆಗ ಅನ್ನಿಸ್ತು, ಅವರಿಗೂ ಹೀಗೇ ಆಗಿರಬೇಕು, ಪಾಪ. ಹೆದರಿಕೊಂಡಿರಬೇಕು. ಅವತ್ತೇ ಅವರನ್ನ ಕ್ಷಮಿಸಿಬಿಟ್ಟೆ."

ಭಾವನ ಕೈ ನಡುಗಿರಲಿಲ್ಲ. ಅವರು ಮುಚ್ಚಳ ಎತ್ತಿ, ತಿರುಗಿಸಿ, ಒತ್ತಿ, ಪಟಾಕಿಯ ಮೋಟರು ತಿರುಗುತ್ತೆ ಅಂತ ಎರಡು ನಿಮಿಷ ಕಾಯ್ತಾ ಕೂತಿದ್ದರು. ಅದನ್ನ ತೋರಿಸೋಕೆ ನನ್ನ ಹತ್ತಿರ ಈಗ ಲೆಕ್ಕಕ್ಕೆ ಬರೋ ಒಂದು ಚೂರು ಉಕ್ಕೂ ಉಳಿದಿಲ್ಲ.

ಅಕ್ಕ ವರದಿ ಎತ್ತಿಕೊಂಡು ಬೀರುವಿನ ಕಡೆ ನಡೆದಳು.

"ನಿನ್ನ ಮೋಟರಿನ ಬಗ್ಗೆ ಯಾರಾದ್ರೂ ಒಂದು ಮಾತು ಆಡಿದ್ರೆ ನಿನ್ನ ಭಾವನಿಗೆ ಸೇರ್ತಿರಲಿಲ್ಲ," ಅಂದಳು, ಬೀರುವಿನ ಬಾಗಿಲು ತೆರೀತಾ. "ನೀನೂ ಆಡಬೇಡ."